ಷೇರು ಬಂತು, ಹುರುಪು ಬರಲಿಲ್ಲ

ಪ್ರಶ್ನೆ: ನಮ್ಮ ಮಾಲೀಕರು ನಿವೃತ್ತರಾಗುವಾಗ ಕಂಪನಿಯನ್ನು ನೌಕರರಿಗೇ ವಹಿಸಿದರು. ಈಗ ನಾವೆಲ್ಲ ಷೇರುದಾರರು. ಇನ್ನು ಎಲ್ಲರೂ ಮೈಮುರಿದು ದುಡಿಯುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ನನಗೂ ಕೆಲಸಕ್ಕೆ ಹೊರಡುವಾಗ ಮೊದಲಿನಷ್ಟೇ ಬೇಸರ. ಪಕ್ಕದವರು ಕೆಲಸ ತಪ್ಪಿಸಿದರೆ ಮಾತ್ರ ಮೊದಲಿಗಿಂತ ಜಾಸ್ತಿ ಸಿಟ್ಟು ಬರುತ್ತದೆ. ಈಗ ಸಂಬಳದ ಒಂದು ಭಾಗ ಬಿಟ್ಟುಕೊಟ್ಟರೆ ಇನ್ನಷ್ಟು ಷೇರು ಕೊಡುತ್ತಾರಂತೆ. ಬೇಡ ಅಂದರೆ ಸ್ವಾರ್ಥಿ ಅನ್ನುತ್ತಾರೇನೋ ಎಂಬ ಭಯ. ಏನು ಮಾಡಲಿ?

ಉತ್ತರ: ನೀವು ಸ್ವಾರ್ಥಿಯಲ್ಲ. ಹುರುಪು ಬರಲಿಲ್ಲ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಲೆಕ್ಕ ನೋಡಿ. ನೂರು ಜನರಿಗೆ ಸಮಪಾಲು ಇರುವ ಕಡೆ, ನೀವು ಹೆಚ್ಚು ದುಡಿದು ತಂದ ಲಾಭದಲ್ಲಿ ನಿಮಗೆ ಸಿಗುವುದು ನೂರರಲ್ಲಿ ಒಂದು ಪಾಲು. ದಣಿವು ಮಾತ್ರ ಪೂರ್ತಿ ನಿಮ್ಮದೇ.

ಹಾಗಾದರೆ ಷೇರು ಕೊಡುವುದೆಲ್ಲ ದಂಡವೇ? ಅಲ್ಲ. 1987ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಇಂಥ ಕಂಪನಿಗಳನ್ನು ಪರಿಶೀಲಿಸಿತ್ತು. ಬರೀ ಷೇರು ಹಂಚಿದ್ದರಿಂದ ಉತ್ಪಾದಕತೆ ಏರಿದ್ದು ಕಾಣಲಿಲ್ಲ. ಕೆಲಸದ ತೀರ್ಮಾನಗಳಲ್ಲಿ ನೌಕರರ ಮಾತಿಗೆ ಜಾಗವಿದ್ದ ಕಡೆ ಏರಿತ್ತು. ನನಗೂ ಇದೇ ಸರಿ ಅನ್ನಿಸುತ್ತದೆ. ಒಂದು ಯಂತ್ರ ಪದೇ ಪದೇ ಯಾಕೆ ಕೆಡುತ್ತಿದೆ ಎಂದು ನೀವು ಹೇಳುತ್ತೀರಿ. ಯಾರೋ ಅದನ್ನು ಕೇಳಿಸಿಕೊಂಡು ಸರಿಪಡಿಸುತ್ತಾರೆ. ಅವತ್ತು ಕಂಪನಿ ನಮ್ಮದು ಅನ್ನಿಸುತ್ತದೆ. ಅದೇ ಮೇಲಧಿಕಾರಿ, ಅದೇ ಗದರಿಕೆ, ಯಾರಿಗೂ ತೋರಿಸದ ಲೆಕ್ಕಪತ್ರ, ಇವೆಲ್ಲ ಹಾಗೇ ಇದ್ದರೆ ಹುರುಪು ಎಲ್ಲಿಂದ ಬರಬೇಕು?

ಇನ್ನು ಆ ಸಿಟ್ಟು. ಅದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಂಡಿತು. ರಿಚರ್ಡ್ ಫ್ರೀಮನ್, ಡಗ್ಲಸ್ ಕ್ರೂಸ್, ಜೋಸೆಫ್ ಬ್ಲಾಸಿ ಎಂಬ ಸಂಶೋಧಕರು ಇದನ್ನೇ ಅಧ್ಯಯನ ಮಾಡಿದ್ದಾರೆ. ಲಾಭದಲ್ಲೋ ಷೇರಿನಲ್ಲೋ ಪಾಲಿರುವ ನೌಕರರು, ಜೊತೆಯವರು ಕೆಲಸ ತಪ್ಪಿಸಿದಾಗ ಸುಮ್ಮನಿರುವುದು ಕಡಿಮೆ. ನೇರವಾಗಿ ಮಾತಾಡುತ್ತಾರೆ. ನಿಮ್ಮೊಳಗೆ ಮಾಲೀಕತನ ಆಗಲೇ ಚಿಗುರಿದೆ, ಅಲ್ವಾ? ಆ ಸಿಟ್ಟನ್ನು ನುಂಗಬೇಡಿ, ಚಾಡಿಯಾಗಿಸಲೂ ಬೇಡಿ. ಅವರನ್ನು ಪಕ್ಕಕ್ಕೆ ಕರೆದು, ಏನು ತೊಂದರೆ ಎಂದು ಕೇಳಿ.

ಸಂಬಳದ ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿರಿ. 1994ರಲ್ಲಿ ಯುನೈಟೆಡ್ ಏರ್‌ಲೈನ್ಸ್ ನೌಕರರು ಸಂಬಳ ಬಿಟ್ಟುಕೊಟ್ಟು ಕಂಪನಿಯಲ್ಲಿ ಶೇ 55 ಪಾಲು ಪಡೆದರು. 2002ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸ್ಪೇನ್‌ನ ಮೊಂಡ್ರಾಗನ್ ಸಹಕಾರಿ ಗುಂಪಿನಲ್ಲಿ ದುಡಿಯುವ ಸದಸ್ಯರೇ ಮಾಲೀಕರು, ಒಬ್ಬ ಸದಸ್ಯರಿಗೆ ಒಂದು ಮತ. ಆ ಗುಂಪಿನ ಫಾಗರ್ ಎಂಬ ಗೃಹೋಪಯೋಗಿ ಉಪಕರಣಗಳ ಕಂಪನಿ 2013ರಲ್ಲಿ ಮುಳುಗಿದಾಗ ಅನೇಕರಿಗೆ ಗುಂಪಿನ ಬೇರೆ ಸಂಸ್ಥೆಗಳಲ್ಲಿ ಕೆಲಸ ಸಿಕ್ಕಿತು. ಹೂಡಿದ್ದ ಹಣ ಮಾತ್ರ ಹೋಯಿತು. ಕೆಲಸವೂ ಉಳಿತಾಯವೂ ಒಂದೇ ಕಡೆ ಇದ್ದರೆ, ಕೆಟ್ಟ ಕಾಲದಲ್ಲಿ ಎರಡೂ ಒಟ್ಟಿಗೆ ಅಲುಗಾಡುತ್ತವೆ. ಮನೆ ನಡೆಸುವ ದುಡ್ಡನ್ನು ಷೇರಿಗೆ ಬದಲಾಯಿಸಿಕೊಳ್ಳಬೇಡಿ. ಕೊಟ್ಟೇ ಕೊಡುತ್ತೇನೆ ಅಂದರೆ, ಪೂರ್ತಿ ಹೋದರೂ ತಡೆದುಕೊಳ್ಳುವಷ್ಟೇ ಕೊಡಿ.

ಸಭೆಯಲ್ಲಿ ಇಷ್ಟು ಕೇಳಿ: ಷೇರಿನ ಬೆಲೆ ಯಾರು ಕಟ್ಟುತ್ತಾರೆ? ಕೆಲಸ ಬಿಟ್ಟರೆ ಹಣ ಯಾವಾಗ ಕೈಗೆ ಬರುತ್ತದೆ? ಲೆಕ್ಕಪತ್ರವನ್ನು ನಮಗೆಲ್ಲ ತೋರಿಸುತ್ತೀರಾ? ಯಾವ ತೀರ್ಮಾನಕ್ಕೆ ನಮ್ಮ ಮತ ಬೇಕು? ಉತ್ತರ ಬರವಣಿಗೆಯಲ್ಲಿ ಸಿಗುವವರೆಗೆ ಸಹಿ ಹಾಕಬೇಡಿ.