ನಿಮ್ಮ ಕಡಿ ಮಂದಿ ಜಾತಿ ನೋಡೇ ಓಟ್ ಹಾಕ್ತಾರೇನ್ರಿ?

ಪ್ರಶ್ನೆ ಹಾಕಿದವ್ರು ಕೇಳಿದ್ದೇನಂದ್ರ, ಅಮೆರಿಕದಾಗ ಕರಿಯರ ಓಟು ಒಂದ್ ಕಡಿ ಬಿಳಿಯರ ಓಟು ಒಂದ್ ಕಡಿ ಅಂತ ಬಣ್ಣದ ಮ್ಯಾಲ ಲೆಕ್ಕ ಹಾಕ್ತಾರ, ಕಲಬುರಗಿ ಬೀದರ್ ಯಾದಗಿರಿ ಕಡಿ ಜಾತಿನೂ ಹಂಗೇ ಏನು, ದಿನಾ ಬದುಕಿನಾಗ ಅದು ಕಣ್ಣಿಗಿ ಕಾಣ್ತದೇನು ಅಂತ. ನಾ ಏನ್ ಪ್ರೊಫೆಸರ್ ಅಲ್ರಿ. ಕಲಬುರಗಿದಾಗ ಸರ್ಕಾರಿ ಕಚೇರಿ ಹತ್ರ ಒಂದ್ ಝೆರಾಕ್ಸ್ ಅಂಗಡಿ ಅದ ನಂದು, ಹನ್ನೊಂದ್ ವರ್ಷ ಆತು. ಜಾತಿ ಆದಾಯ ಸರ್ಟಿಫಿಕೇಟಿನ ಅರ್ಜಿ, 371ಜೆ (ನಮ್ಮ ಕಲ್ಯಾಣ ಕರ್ನಾಟಕದವ್ರ ಮೀಸಲಾತಿ) ಅರ್ಜಿ, ಪಹಣಿ, ಆಧಾರ್ ಪ್ರಿಂಟ್, ಎಲೆಕ್ಷನ್ ಬಂದ್ರ ಓಟರ್ ಲಿಸ್ಟ್, ಎಲ್ಲಾ ನಮ್ಮಲ್ಲೇ. ಡಾಕ್ಟ್ರ ಮುಂದ ರೋಗ ಹೇಳ್ದಂಗ ಮಂದಿ ನನ್ ಕೌಂಟರ್ ಮುಂದ ಜಾತಿ ಹೇಳ್ತಾರ, ಹಂಗಾಗಿ ನನಗ ಕಂಡದ್ದು ಬರೀಲಾಕತ್ತೀನಿ.

ಮೊದ್ಲಿಗಿ ಕಣ್ಣಿಗಿ ಕಾಣೋ ಮಾತು. ಬಣ್ಣ ಆದ್ರ ದೂರದಿಂದೇ ಗೊತ್ತಾಗ್ತದ, ಯಾರೂ ಕೇಳಬೇಕಾಗಿಲ್ಲ. ನಮ್ದು ಕೇಳಿ ತೆಗೀಬೇಕು. ಇಲ್ಲಿ ಇಬ್ಬರು ಹೊಸಬ್ರು ಬಸ್ಸಿನಾಗ ಬಾಜೂ ಕುಂತ್ರ ಐದ್ ನಿಮಿಷದಾಗ ಪೂರಾ ಇಂಟರ್‌ವ್ಯೂ ಮುಗದಿರ್ತದ, ಯಾವೂರು, ಯಾರ ಪೈಕಿ, ಅಡ್ಡಹೆಸ್ರೇನು, ಮನಿ ಯಾವ ಓಣಿದಾಗ, ಗುಡಿ ಕಡಿನೋ ಊರ ಹೊರಗೋ ಅಂತ. ಪಾಟೀಲ್ ಅಂದ್ರೂ ಬಿಡಂಗಿಲ್ಲ, ಯಾಕಂದ್ರ ಲಿಂಗಾಯತ್ರಾಗೂ ಪಾಟೀಲ್ರು ಅದಾರ, ಮರಾಠ್ರಾಗೂ ಅದಾರ, ಮುಸ್ಲಿಮ್ರಾಗೂ ಅದಾರ, ಅದಕ್ಕ ಮುಂದಿನ ಪ್ರಶ್ನೆ ಯಾವ ಪಾಟೀಲ್ರಿ ಅಂತ ಬರ್ತದ. ಫೋನ್ ಎತ್ತಿದ ಮ್ಯಾಲ ಶರಣು ಅಂತಾನೋ ಜೈಭೀಮ್ ಅಂತಾನೋ ಸಲಾಂ ಅಂತಾನೋ ಅದರಾಗೂ ಅರ್ಧ ತಿಳೀತದ. ಇದೆಲ್ಲಾ ಸಿಟ್ಟಿನಿಂದ ಕೇಳೋದಲ್ಲ, ನಗ್ತಾ ನಗ್ತಾ, ಚಹಾ ಕುಡಿಸ್ಕೋತಾನೇ ಕೇಳ್ತಾರ.

ನಂದು ಹೇಳೇ ಬಿಡ್ತೀನಿ, ನಾವು ಕಬ್ಬಲಿಗೇರು, ಕೋಲಿ ಅಂತಾರ, ಅಂಬಿಗ್ರು ಅಂತಾರ, ಮುತ್ಯಾ ಭೀಮಾ ನದಿದಾಗ ಹರಗೋಲು ಹಾಕ್ತಿದ್ದ. ನಾ ಊರು ಬಿಟ್ಟು ಕಲಬುರಗಿಗಿ ಬಂದು ಬಾಡಿಗಿ ಮನಿ ಹುಡುಕುವಾಗ ಮಾಲಕರ ಮೊದ್ಲ ಪ್ರಶ್ನೆ, ವೆಜ್ ಅದೀರೇನು ಅಂತ. ಅದು ಊಟದ ಪ್ರಶ್ನೆ ಅಲ್ಲ ಅಂತ ಇಬ್ಬರಿಗೂ ಗೊತ್ತು. ಇಲ್ರಿ, ಮೀನು ತಿಂತೀವಿ ಅಂದ್ರ ಆ ಮನಿ ಹೋತು. ಮೂರ್ನೇ ಮನಿದಾಗ ಸುಳ್ಳ ಹೇಳ್ದೆ, ಎರಡ್ ವರ್ಷ ಶ್ರಾವಣ ಮಾಸ ಇದ್ದಂಗ ಬದುಕಿದ್ವಿ, ಮೀನು ತಿನ್ನಬೇಕಂದ್ರ ಅಕ್ಕನ ಮನಿಗಿ ಹೋಗ್ತಿದ್ವಿ. ಆದ್ರ ನನ್ ಕಥಿ ನಗಿ ಬರೋ ಕಥಿ. ನನ್ ದೋಸ್ತ ಒಬ್ಬವ ಅದಾನ, ಹೊಲೇರವ, ಬ್ಯಾಂಕಿನಾಗ ಆಫೀಸರ್, ಪಗಾರ ನನಗಿಂತ ನಾಕ್ ಪಟ್ಟು. ಅವನಿಗಿ ಫೋನಿನಾಗ ಎಲ್ಲಾ ಹೂಂ ಅಂತಿದ್ರು, ಅಡ್ವಾನ್ಸ್ ಕೊಡ್ಲಿಕ್ಕಿ ಹೋಗಿ ಆಧಾರ್ ಝೆರಾಕ್ಸ್ ಕೊಟ್ಟು ಊರು, ಅಪ್ಪನ ಹೆಸ್ರು ಹೇಳಿದ ಮ್ಯಾಲ ಮರುದಿನ, ಮಗ ಪುಣೆದಿಂದ ಬರ್ಲಕತ್ತಾನ್ರಿ ಮನಿ ನಮಗೇ ಬೇಕಾಗ್ಯದ ಅಂತ. ಒಂದಲ್ಲ, ನಾಕ್ ಮನಿ. ನಾಕೂ ಮನಿ ಮಾಲಕರ ಮಕ್ಕಳು ಒಮ್ಮೆಲೇ ಊರಿಗಿ ಬರೋದೇನ್ರಿ! ಕಡೀಗಿ ಅವ ಪ್ಲಾಟ್ ತಗೊಂಡು ಮನಿನೇ ಕಟ್ಟಿಸ್ಬಿಟ್ಟ, ಅದೂ ತಮ್ಮವ್ರೇ ಇರೋ ಲೇಔಟಿನಾಗ. ಅಮೆರಿಕದಾಗ ಕರಿಯರಿಗಿ ಇಂಥಾ ಏರಿಯಾದಾಗ ಮನಿ ಸಾಲ ಸಿಗಂಗಿಲ್ಲ ಅಂತ ಒಂದ್ ಕಾಲಕ್ಕ ನಕಾಶಿ ಮ್ಯಾಲ ಕೆಂಪು ಗೆರಿ ಹೊಡದಿದ್ರಂತ. ಇಲ್ಲಿ ನಕಾಶಿ ಯಾರೂ ಬರದಿಲ್ಲ, ಆದ್ರ ಯಾವ ಓಣಿ ಯಾರದಂತ ಆಟೋದವನಿಗೂ ಗೊತ್ತದ.

ಹಳ್ಯಾಗ ಹೋಟೆಲ್‌ದಾಗ ಮೊದ್ಲ ಬ್ಯಾರೆ ಗಲಾಸ ಇಡ್ತಿದ್ರಲ್ಲ, ಈಗ ಕಮ್ಮಿ ಆಗ್ಯದ ಅಂತಾರ. ಕಮ್ಮಿ ಆಗಿದ್ದು ಮನಸ್ಸು ಬದಲಾಗಿ ಅಲ್ರಿ, ಪೇಪರ್ ಕಪ್ ಬಂತು. ಎಲ್ಲರಿಗೂ ಪೇಪರ್ ಕಪ್, ಕುಡಿ ಒಗಿ. ಹಂಗೇ ನೀರಿಂದು, ಕಾಯಿನ್ ಹಾಕಿದ್ರ ಮಷೀನು ಕೊಡ ತುಂಬಸ್ತದ, ಯಾರ ಕೊಡ ಅಂತ ಕೇಳಂಗಿಲ್ಲ. ಗುಡಿ ಒಳಗ ಮಷೀನ್ ಇಲ್ಲ, ಹಂಗಾಗಿ ಜಗಳ ಅಲ್ಲಿ ಉಳದದ.

ಈಗ ನನ್ ಅಂಗಡಿ ಮಜಾ ಕೇಳ್ರಿ. ಮದಿವಿ ಕಾರ್ಡ್ ಪ್ರಿಂಟ್ ಹಾಕ್ಸುವಾಗ ಎಲ್ಲರೂ ಮ್ಯಾಲ ಹತ್ತತಾರ, ನಾವು ರಾಜರ ಪೈಕಿ, ನಾವು ಋಷಿ ಗೋತ್ರ. ಅದೇ ಮಂದಿ ಅರ್ಜಿ ಹಾಕುವಾಗ ಕೆಳಗ ಇಳೀತಾರ. ನಮ್ಮ ಕೋಲಿ ಕಬ್ಬಲಿಗೇರಿಗಿ ಹಿಂದುಳಿದವ್ರ ಪ್ರವರ್ಗ 1 ಅದ, ನಮಗ ಎಸ್‌ಟಿ ಬೇಕು. ಕುರುಬ್ರು ನಾವು ಗೊಂಡರು, ನಮಗೂ ಎಸ್‌ಟಿ ಬೇಕು ಅಂತಾರ, ಬೀದರ್ ಕಲಬುರಗಿ ಯಾದಗಿರಿ ಮೂರೂ ಜಿಲ್ಲಾದಾಗ ಅದೇ ಬೇಡಿಕಿ. ಜಂಗಮ್ರಾಗ ಕೆಲವ್ರು ಬೇಡ ಜಂಗಮ ಅಂತ ಎಸ್‌ಸಿ ಸರ್ಟಿಫಿಕೇಟ್ ಕೇಳ್ತಾರ, ಅದರ ಮ್ಯಾಲ ಕೋರ್ಟು ಕಚೇರಿ ಎಲ್ಲಾ ಆಗ್ಯದ. 2020ರಾಗ ಪರಿವಾರ, ತಳವಾರ ಈ ಎರಡ್ ಹೆಸ್ರು ನಾಯಕ ಜೊತಿ ಎಸ್‌ಟಿ ಪಟ್ಟಿಗಿ ಸೇರಿದ್ವು ನೋಡ್ರಿ, ಮರುವಾರದಿಂದ ನನ್ ಅಂಗಡಿ ಮುಂದ ಪಾಳಿ. ನಮ್ ಕೋಲಿಗಳಾಗೂ ತಳವಾರ್ ಅಡ್ಡಹೆಸ್ರಿನವ್ರು ಅದಾರಲ್ಲ, ಅವ್ರು ಬ್ಯಾರೆ ಇವ್ರು ಬ್ಯಾರೆ ಅಂತ ಕಚೇರಿದವ್ರು, ಇಲ್ಲ ಇಬ್ಬರೂ ಒಂದೇ ಅಂತ ನಮ್ಮವ್ರು. ನಮ್ಮ ಕಾಕಾನೂ ಪಾಳಿದಾಗ ನಿಂತಿದ್ದ. ತಪ್ಪು ಅಂತ ನಾ ಹೇಳಂಗಿಲ್ಲ, ಹೊಟ್ಟಿ ಪ್ರಶ್ನೆ. ಆದ್ರ ಅದೇ ಕಾಕಾ ಸಂಜಿಗಿ ತಾಂಡಾದ ಲಂಬಾಣಿಯವ್ರಿಗಿ ಎಲ್ಲಾ ಸವಲತ್ತು ಸಿಗ್ತದ ಅಂತ ಬೈಕೋತ ಕುಂತಿದ್ದ.

2025ರ ಸೆಪ್ಟೆಂಬರ್ 22ಕ್ಕ ಹಿಂದುಳಿದ ವರ್ಗದ ಆಯೋಗದ ಜಾತಿ ಸರ್ವೇ ಸುರು ಆತಲ್ಲ, ಆ ವಾರ ನನ್ ಮಷೀನ್ ಬಿಸಿ ಆರಲೇ ಇಲ್ಲ. ಧರ್ಮದ ಕಾಲಂದಾಗ ಲಿಂಗಾಯತ ಅಂತ ಬರಸ್ರಿ ಅಂತ ಒಂದ್ ಪಾಂಪ್ಲೆಟು, ಹಿಂದೂ ಅಂತ ಬರಸ್ರಿ ಅಂತ ಇನ್ನೊಂದು, ವೀರಶೈವ ಲಿಂಗಾಯತ ಅಂತ ಮೂರನೇದು. ಮೂರೂ ಒಂದೇ ದಿನ, ಒಂದೇ ಮಷೀನು, ಮೂರೂ ಮಂದಿ ಬಿಲ್ ಕೊಟ್ಟು ಹೋದ್ರು. ಬಸವಕಲ್ಯಾಣ ಇಲ್ಲಿಂದ ಎಷ್ಟ್ ದೂರ ಅದರಿ, ಎರಡ್ ತಾಸಿನ ದಾರಿ. ಹನ್ನೆರಡನೇ ಶತಮಾನದಾಗ ಅಲ್ಲಿ ಹರಳಯ್ಯನ ಮಗನಿಗಿ ಮಧುವರಸನ ಮಗಳ ಕೊಟ್ಟು ಮದಿವಿ ಮಾಡಿದ್ದಕ್ಕ ಬೀಗರಿಬ್ಬರನ್ನೂ ಆನಿ ಕಾಲಿಗಿ ಕಟ್ಟಿ ಎಳಿಸಿದ್ರು. ಅವ್ರ ಹೆಸ್ರಿನಾಗ ಈಗ ಕಾಲಂ ಜಗಳ.

ಸರಿ, ಓಟಿಗಿ ಬರ್ತೀನಿ. ಎಲೆಕ್ಷನ್ ಮುಂದ ಪಾರ್ಟಿ ಹುಡುಗ್ರು ಓಟರ್ ಲಿಸ್ಟ್ ಪ್ರಿಂಟ್ ತಗೋತಾರ, ಕುಂತು ಪೆನ್ಸಿಲ್‌ಲೆ ಹೆಸ್ರಿನ ಮುಂದ ಎಲ್, ಕೆ, ಎಂ, ಎಚ್ ಅಂತ ಜಾತಿ ಗುರುತ ಹಾಕ್ತಾರ. ಯಾವ ಪಾರ್ಟಿ ಅಂತಿಲ್ಲ, ಎಲ್ಲರೂ. ಸಿದ್ಧಾಂತ ಹೇಳೋ ಪಾರ್ಟಿದವ್ರು ಬರೇ ಬ್ಯಾರೆ ಬಣ್ಣದ ಪೆನ್ನು ತಗೋತಾರ ಅಷ್ಟೇ. ಆದ್ರ ಆ ಪೆನ್ಸಿಲ್ ಲೆಕ್ಕ ಎಷ್ಟ್ ಸಲ ತಪ್ಪ್ಯದ ನೋಡ್ರಿ. 1980ರಾಗ ಗುಲ್ಬರ್ಗಾ ಲೋಕಸಭಾ ಸೀಟಿಗಿ ಧರಂಸಿಂಗ್ ಗೆದ್ದು ರಾಜೀನಾಮೆ ಕೊಟ್ಟು, ಆ ಸೀಟ್ ಕಾಂಗ್ರೆಸ್ ಲೀಡರ್ ಸಿ.ಎಂ. ಸ್ಟೀಫನ್‌ರಿಗಿ ಬಿಟ್ರು, ಕೇರಳದವ್ರು, ಕ್ರಿಶ್ಚಿಯನ್, ಕನ್ನಡ ಬರ್ತಿರ್ಲಿಲ್ಲ ಅಂತ ಹಿರಿಯರು ಹೇಳ್ತಾರ, ಗೆದ್ದು ಬಂದ್ರು. ಈ ಧರಂಸಿಂಗ್ ತಾವೇ ರಜಪೂತ್ರು, ಜೇವರ್ಗಿದಾಗ ರಜಪೂತ್ರ ಓಟು ಬೊಟ್ಟಲೆ ಎಣಿಸಬೇಕು. 1978ರಿಂದ 2004ರ ತನಕ ಅಸೆಂಬ್ಲಿಗಿ ಅಲ್ಲೇ ಗೆದ್ರು, ಮುಖ್ಯಮಂತ್ರಿನೂ ಆದ್ರು, 2008ರಾಗ ಸೋತಾಗೂ ಅಂತರ ನೂರು ಓಟಿಲ್ಲ. ನಮ್ಮಪ್ಪ ಅವ್ರಿಗೇ ಹಾಕ್ತಿದ್ದ. ಯಾಕಪ್ಪಾ ಅಂದ್ರ, ಮನಿ ಮುಂದ ಹೋಗಿ ನಿಂತ್ರ ಹೆಸ್ರು ಹಿಡದು ಕರೀತಾರ ಅಂತಿದ್ದ. ಅಷ್ಟೇ. ನನಗ ಅನಿಸೋದೂ ಇಷ್ಟೇ ನೋಡ್ರಿ, ಮಂದಿ ಜಾತಿಗಿ ಓಟ್ ಹಾಕಂಗಿಲ್ಲ, ಬಾಗಲಾ ತೆಗಿಯೋನಿಗಿ ಹಾಕ್ತಾರ. ರಾತ್ರಿ ಹತ್ತಕ್ಕ ಮಗನ್ನ ಪೊಲೀಸ್ರು ಎತ್ಕೊಂಡ್ ಹೋದ್ರ, ದವಾಖಾನಿದಾಗ ಬೆಡ್ ಸಿಗಲಿಲ್ಲಂದ್ರ, ತೊಗರಿ ಪರಿಹಾರ ಬ್ಯಾರೆ ಖಾತೆಕ್ಕ ಜಮಾ ಆದ್ರ ಯಾರಿಗಿ ಫೋನ್ ಹಚ್ಚಬೇಕು. ಆಫೀಸು ತಾನಾಗೇ ಕೆಲ್ಸ ಮಾಡ್ತಿದ್ರ ಯಾರ ಜಾತಿ ಯಾರಿಗಿ ಬೇಕಿತ್ತು? ಮಾಡಂಗಿಲ್ಲ, ಅದಕ್ಕ ಪರಿಚಯದವ ಬೇಕು, ಪರಿಚಯ ಅಂದ್ರ ನಮ್ ಕಡಿ ನೆಂಟಸ್ತನ, ನೆಂಟಸ್ತನ ಅಂದ್ರ ಜಾತಿ. ಧರಂಸಿಂಗ್‌ರಂಥವ್ರು ನೆಂಟಸ್ತನ ಇಲ್ದೇ ಬಾಗಲಾ ತೆಗದ್ರು, ಅಂಥವ್ರು ಎಷ್ಟ್ ಮಂದಿ ಹುಟ್ತಾರ.

ಖರ್ಗೆಯವ್ರ ಉದಾಹರಣಿ ಎಲ್ಲರೂ ಕೊಡ್ತಾರ. 1972ರಿಂದ ಗುರುಮಿಠಕಲ್‌ದಾಗ ಸತತ ಎಂಟ್ ಸಲ, 2008ಕ್ಕ ಚಿತ್ತಾಪುರ, ಆಮ್ಯಾಲ ಎರಡ್ ಸಲ ಗುಲ್ಬರ್ಗಾ ಎಂಪಿ. ಎಲ್ಲಾ ಜಾತಿ ಮಂದಿ ಹಾಕಿದ್ರು ಅಂತಾರ, ಖರೇ. ಆದ್ರ ಒಂದ್ ಮಾತು ಬಿಡ್ತಾರ, ಮೀಸಲು ಕ್ಷೇತ್ರದಾಗ ನಿಂತವ್ರೆಲ್ಲಾ ಎಸ್‌ಸಿನೇ ಇರ್ತಾರ, ಹಂಗಾಗಿ ಉಳದ ಜಾತಿದವ್ರಿಗಿ ತಮ್ಮವ ಅನ್ನೋ ಆಸರಾನೇ ಇರಂಗಿಲ್ಲ, ಬ್ಯಾರೆ ಏನಾರ ನೋಡಬೇಕಾಗ್ತದ. ನನ್ ಕೇಳಿದ್ರ ಅದು ಭಾರಿ ಚಲೋ ಅಭ್ಯಾಸ. ಆದ್ರ ಎಸ್‌ಸಿ ಒಳಗೂ ಬಲಗೈ (ಹೊಲೇರು), ಎಡಗೈ (ಮಾದಿಗ್ರು), ಲಂಬಾಣಿ ಅಂತ ಬ್ಯಾರೆ ಬ್ಯಾರೆ ಗೆರಿ ಅದಾವ. 2019ರಾಗ ಖರ್ಗೆ ಎದುರಿಗಿ ಬಂಜಾರ (ಲಂಬಾಣಿ) ಸಮಾಜದ ಉಮೇಶ್ ಜಾಧವ್ ಬಿಜೆಪಿಯಿಂದ ನಿಂತ್ರು, ಕೋಲಿ ಲೀಡರ್ ಬಾಬುರಾವ್ ಚಿಂಚನಸೂರ್, ಈಡಿಗ್ರ ಮಾಲೀಕಯ್ಯ ಗುತ್ತೇದಾರ್ ಇಬ್ಬರೂ ಅಷ್ಟೊತ್ತಿಗಿ ಕಾಂಗ್ರೆಸ್ ಬಿಟ್ಟು ಬಿಜೆಪಿದಾಗ ಇದ್ರು. 95 ಸಾವಿರ ಚಿಲ್ರೆ ಓಟಲೆ ಖರ್ಗೆ ಸೋತ್ರು, ಜನ್ಮದಾಗ ಮೊದ್ಲನೇ ಸೋಲು. ನಮ್ ಓಣಿದಾಗ ಎಸ್‌ಟಿ ಆಗ್ತದ ಅಂತ ಪಟಾಕಿ ಹೊಡದ್ರು. ಪಟಾಕಿ ಹೊಗಿ ಹೋತು, ಎಸ್‌ಟಿ ಬರ್ಲಿಲ್ಲ. 2023ಕ್ಕ ಚಿಂಚನಸೂರ್ ವಾಪಸ್ ಕಾಂಗ್ರೆಸ್ಸಿಗಿ, 2024ಕ್ಕ ಖರ್ಗೆ ಅಳಿಯ ರಾಧಾಕೃಷ್ಣ ದೊಡ್ಡಮನಿ ಅದೇ ಜಾಧವ್‌ರನ್ನ ಸುಮಾರು 27 ಸಾವಿರದಲೆ ಸೋಲಿಸಿದ್ರು. 2025ರ ಆಗಸ್ಟಿನಾಗ ಎಸ್‌ಸಿ ಒಳಮೀಸಲಾತಿ ನೂರಕ್ಕ ಎಡಗೈಗಿ 6, ಬಲಗೈಗಿ 6, ಲಂಬಾಣಿ ಮತ್ತ ಉಳದವ್ರಿಗಿ ಕೂಡಿ 5 ಅಂತ ಹಂಚಿದ ಮ್ಯಾಲ ತಾಂಡಾದವ್ರು ಬೀದಿಗಿಳದ್ರು, ಮುಂದಿನ ಪೆನ್ಸಿಲ್ ಲೆಕ್ಕ ಬ್ಯಾರೇನೇ ಇರ್ತದ.

ಅಮೆರಿಕದ್ದು ನನಗ ಗೊತ್ತಿದ್ದಷ್ಟು ಹೇಳ್ತೀನಿ, ಅಕ್ಕನ ಮಗ ಡಲ್ಲಾಸ್‌ದಾಗ ಅದಾನ, ಅವನ ಜೋಡಿ ಮಾತಾಡಿದ್ದು, ಅಷ್ಟಿಷ್ಟು ಓದಿದ್ದು. ಅಲ್ಲಿ ದಕ್ಷಿಣದ ರಾಜ್ಯಗಳಾಗ ಕರಿಯರಿಗಿ ಓಟ್ ಹಾಕ್ಲಿಕ್ಕೇ ಬಿಡ್ತಿರ್ಲಿಲ್ಲ, 1965ರಾಗ ಕಾನೂನು ಬಂದ ಮ್ಯಾಲ ಬಾಗಲಾ ತೆರೀತು, ತೆರದ ಡೆಮಾಕ್ರಟಿಕ್ ಪಾರ್ಟಿಗಿ ಅವ್ರು ಇವತ್ತಿಗೂ ಬಹುಪಾಲು ಹಾಕ್ತಾರ, ಆ ಕಡಿ ಬಿಳಿಯರು ನಿಧಾನಕ್ಕ ಇನ್ನೊಂದ್, ರಿಪಬ್ಲಿಕನ್ ಪಾರ್ಟಿಗಿ ಸರದ್ರು. 2008ರಾಗ ಡೆಮಾಕ್ರಟಿಕ್ ಪಾರ್ಟಿ ಒಬಾಮಾಗ ಕರಿಯರಾಗ ನೂರಕ್ಕ 95, ಬಿಳಿಯರಾಗ ನೂರಕ್ಕ 43 ಮಂದಿ ಹಾಕಿದ್ರು ಅಂತ ಎಕ್ಸಿಟ್ ಪೋಲ್ ಲೆಕ್ಕ. ನೋಡ್ರಿ ಅಲ್ಲೂ ಬಾಗಲಾದ್ದೇ ಮಾತು. ಫರಕ್ ಏನಂದ್ರ ನಮ್ಮವ್ರು ಅಷ್ಟ್ ವರ್ಷ ಒಂದೇ ಕಡಿ ನಿಲ್ಲಂಗಿಲ್ಲ, ಅವಮಾನ ಆತಂದ್ರ ಎದ್ದು ಹೋಗ್ತಾರ. 1989ರಾಗ ವೀರೇಂದ್ರ ಪಾಟೀಲ್ರು, ನಮ್ಮ ಚಿಂಚೋಳಿದವ್ರು, ಕಾಂಗ್ರೆಸ್ಸಿಗಿ 178 ಸೀಟು ತಂದ್ಕೊಟ್ರು, ಮರುವರ್ಷ ಅವ್ರು ಹಾಸಿಗಿ ಹಿಡದಾಗ ರಾಜೀವ್ ಗಾಂಧಿ ಏರ್‌ಪೋರ್ಟಿನಾಗ ನಿಂತು ಸಿಎಂ ಬದಲಿ ಅಂದ್ಬಿಟ್ರು. ಲಿಂಗಾಯತ್ರು ಅದನ್ನ ಮರೀಲಿಲ್ಲ. 1994ರಾಗ ಕಾಂಗ್ರೆಸ್ಸಿಗಿ 34. ಬ್ಯಾರೆ ಕಾರಣನೂ ಇದ್ವು, ಆದ್ರ ಇವತ್ತಿಗೂ ಚಿಂಚೋಳಿ ಕಟ್ಟಿ ಮ್ಯಾಲ ಕುಂತ ಮುದುಕ್ರು ಹೇಳೋದು ಏರ್‌ಪೋರ್ಟ್ ಕಥಿನೇ. ಇನ್ನ ನಮ್ಮವ್ರು ಅಲ್ಲಿಗೂ ಜಾತಿ ಹೊತ್ಕೊಂಡ್ ಹೋಗ್ಯಾರ, 2023ರಾಗ ಸಿಯಾಟಲ್ ಊರಾಗ ಜಾತಿ ಭೇದ ಮಾಡಬಾರ್ದಂತ ಕಾನೂನೇ ಮಾಡಬೇಕಾತು. ಅಕ್ಕನ ಮಗ ಹೇಳ್ತಾನ, ಅಲ್ಲಿ ಕನ್ನಡ ಸಂಘದಾಗೂ ಮೊದ್ಲು ಕೇಳೋದು ವೆಜ್ ಏನ್ರಿ ಅಂತ!

ಬಣ್ಣದ ರಾಜಕೀಯ ನಮ್ಮಲ್ಲಿ ಇರ್ಲೇ ಇಲ್ಲ ಅನ್ನಬ್ಯಾಡ್ರಿ ಮತ್ತ. ಬೀದರ್‌ಕ್ಕ ಹೋದ್ರ ಊರ ಬಾಜೂ ಹಬ್ಶಿ ಕೋಟ್ ಅಂತ ಗುಡ್ಡ ಅದ, ಆಫ್ರಿಕಾದಿಂದ ಬಂದ ಹಬ್ಶಿ ಸರದಾರ್ರ ಗೋರಿ ಅಲ್ಲಿ ಅದಾವ. ಬಹಮನಿ ದರ್ಬಾರದಾಗ ದಖ್ಖನಿಗಳು ಒಂದ್ ಗುಂಪು, ಇರಾನ್ ಕಡಿಂದ ಬಂದ ಪರದೇಶದವ್ರು ಇನ್ನೊಂದು ಗುಂಪು, ಹಬ್ಶಿಗಳು ದಖ್ಖನಿ ಕಡಿ. ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್ ಪರದೇಶದವ, 1481ರಾಗ ಸುಳ್ಳ ಪತ್ರ ಮಾಡಿ ಅವನ ತಲಿ ತೆಗಿಸಿದ್ರು. ಸುಳ್ಳ ಡಾಕ್ಯುಮೆಂಟಿನ ದಂಧೆ ಅವಾಗಿಂದೇ ಅದ ನಮ್ ಕಡಿ.

ಕಡೀಗಿ ನೀವು ಕೇಳಿದ್ರಿ, ನೀವ್ ಸ್ವಂತ ಹೆಂಗ ಹಾಕ್ತೀರಿ ಅಂತ. ಎಂಪಿ ಎಮ್ಮೆಲ್ಲೆ ಎಲೆಕ್ಷನಿನಾಗ ನಾ ಪಾರ್ಟಿ ನೋಡ್ತೀನಿ. ಪಂಚಾಯ್ತಿಗಿ ಜಾತಿ ನೋಡ್ದೆ, ಸುಳ್ಳ ಯಾಕ್ ಹೇಳ್ಲಿ, ನನ್ ಓಟು ಇನ್ನಾ ಊರಾಗೇ ಅದ. 2020ರ ಡಿಸೆಂಬರ್‌ದಾಗ ಇಬ್ಬರು ನಿಂತಿದ್ರು, ಒಬ್ಬವ ಓದಿದವ, ಬ್ಯಾರೆ ಜಾತಿದವ, ಇನ್ನೊಬ್ಬವ ನಮ್ಮವ, ನಮ್ ಅವ್ವನ ತವರ ಕಡಿ ಸಂಬಂಧ. ಅವ್ವನ ಹೆಸ್ರಿನಾಗ ಸರ್ಕಾರಿ ಮನಿ ಬಿಲ್ ಬರೋದಿತ್ತು, ನಮ್ಮವ ಆದ್ರ ಲಗೂ ಮಾಡಿಸ್ತಾನ ಅಂತ ಅವನಿಗೇ ಹಾಕ್ದೆ. ಗೆದ್ದ. ಬಿಲ್ ಟೈಮಿಗಿ ಮನಿಗಿ ಹೋದೆ, ಬಾಗಲಾ ತೆಗದ, ಬಾ ಅಳಿಯಾ ಅಂತ ಕುಂದರಿಸಿದ, ಚಹಾ ಕೊಟ್ಟ, ಮ್ಯಾಲಿನವ್ರಿಗಿ ಕೊಡಬೇಕಾಗ್ತದ ಐದ್ ಸಾವಿರ ಅಂದ. ನಮ್ಮವ್ರಿಗೇ ಹಿಂಗ ಮಾಡಿದ್ರ ಹೆಂಗ ಮಾಮಾ ಅಂದೆ. ಸ್ವಲ್ಪ ಹೊತ್ತು ಸುಮ್ ಕುಂತ, ತಲಿ ಕೆರಕೊಂಡು, ನಮ್ಮವ ಅದಿ ಅಂತ ಐದ್ನೂರು ಬಿಟ್ಟ.