ಮೂತ್ರಕೋಶ ತೆಗೆಸುವುದೋ, ಉಳಿಸಿಕೊಳ್ಳುವುದೋ?

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ, ಅಡಿಕೆ ಕೃಷಿಕರು, ಬಹುಕಾಲ ಬೀಡಿ ಸೇದಿದವರು. ಮೂತ್ರದಲ್ಲಿ ನೋವಿಲ್ಲದೆ ರಕ್ತ ಹೋಗುತ್ತಿತ್ತು. ದುರ್ಬೀನು ಹಾಕಿ ಗಡ್ಡೆ ಕೆರೆದು ತೆಗೆದು ಬಯಾಪ್ಸಿ ಮಾಡಿಸಿದಾಗ ಹೈ ಗ್ರೇಡ್ (ಬೇಗ ಬೆಳೆದು ಹರಡುವ ಸ್ವಭಾವದ) ಕ್ಯಾನ್ಸರ್ ಎಂದೂ ಅದು ಮೂತ್ರಕೋಶದ ಸ್ನಾಯುವಿಗೆ ಇಳಿದಿದೆಯೆಂದೂ ತಿಳಿಯಿತು. ಸಿ.ಟಿ. ಸ್ಕ್ಯಾನ್ ಪ್ರಕಾರ ಬೇರೆಡೆ ಹರಡಿಲ್ಲ. ಆದರೆ ಗಡ್ಡೆಯಿಂದಾಗಿ ಎಡಗಡೆಯ ಕಿಡ್ನಿ ಊದಿದೆ. ಒಬ್ಬ ವೈದ್ಯರು ಮೂತ್ರಕೋಶವನ್ನೇ ತೆಗೆಯಬೇಕೆನ್ನುತ್ತಾರೆ, ಇನ್ನೊಬ್ಬರು ರೇಡಿಯೇಷನ್ ಸಾಕೆನ್ನುತ್ತಾರೆ. ಅಪ್ಪಯ್ಯ ಮಾತ್ರ, ‘ಹೊಟ್ಟೆಗೆ ಚೀಲ ಕಟ್ಟಿಕೊಂಡು ನಾನು ತೋಟಕ್ಕೆ ಇಳಿಯುವುದಿಲ್ಲ, ಏನಿದ್ದರೂ ಕೊನೆಕೊಯ್ಲು ಮುಗಿಯಲಿ’ ಎನ್ನುತ್ತಾರೆ.
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೊಯ್ಲಿನ ಮಾತನ್ನು ಮೊದಲು ಮುಗಿಸೋಣ. ಸ್ನಾಯುವಿಗೆ ಇಳಿದ ಈ ಕ್ಯಾನ್ಸರಿನಲ್ಲಿ ಚಿಕಿತ್ಸೆ ಮೂರು ತಿಂಗಳಿಗಿಂತ ತಡವಾದರೆ ಗುಣವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಈ ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡಿ.

ರೇಡಿಯೇಷನ್ನಿನಿಂದ ಮೂತ್ರಕೋಶ ಉಳಿಸುವುದು ಕೈಲಾಗದವರಿಗೆ ಕೊಡುವ ಎರಡನೇ ದರ್ಜೆಯ ಚಿಕಿತ್ಸೆಯಲ್ಲ. ಒಂದೇ ಗಡ್ಡೆಯಿದ್ದು, ಅದನ್ನು ದುರ್ಬೀನಿನಿಂದ ಪೂರ್ತಿ ಕೆರೆದು ತೆಗೆಯಲು ಸಾಧ್ಯವಾಗಿ, ಕಿಡ್ನಿ ಊದಿರದಿದ್ದರೆ, ಕಿಮೋ ಸಹಿತ ರೇಡಿಯೇಷನ್ ಒಳ್ಳೆಯ ಆಯ್ಕೆಯೇ. ಆದರೆ ಆಮೇಲೆ ಜೀವನಪರ್ಯಂತ ದುರ್ಬೀನು ಪರೀಕ್ಷೆ ತಪ್ಪದು, ಕ್ಯಾನ್ಸರ್ ಮರುಕಳಿಸಿದರೆ ಶಸ್ತ್ರಕ್ರಿಯೆಯೇ ಗತಿ. ನಿಮ್ಮ ತಂದೆಯವರ ಕಿಡ್ನಿ ಊದಿದೆ ಎಂಬ ಒಂದು ಸಾಲು ನನ್ನನ್ನು ಶಸ್ತ್ರಕ್ರಿಯೆಯ ಕಡೆಗೆ ವಾಲಿಸುತ್ತದೆ. ಎರಡನೆಯ ವೈದ್ಯರು ಆ ಸ್ಕ್ಯಾನ್ ನೋಡಿಯೇ ಹೇಳಿದರೇ ಎಂದು ಕೇಳಿ.

ಶಸ್ತ್ರಕ್ರಿಯೆಗೆ ಮೊದಲು ಸಾಮಾನ್ಯವಾಗಿ 21 ದಿನಕ್ಕೊಮ್ಮೆಯಂತೆ ನಾಲ್ಕು ಸುತ್ತು ಸಿಸ್ಪ್ಲಾಟಿನ್ ಇರುವ ಕಿಮೋ ಕೊಡುತ್ತಾರೆ. ಇದರಿಂದ ಐದು ವರ್ಷ ದಾಟುವವರ ಪ್ರಮಾಣ ನೂರಕ್ಕೆ ಐದರಷ್ಟು ಹೆಚ್ಚುತ್ತದೆ. ಆದರೆ ಈ ಔಷಧ ಕಿಡ್ನಿಗೆ ಭಾರ. ಹಾಗಾಗಿ ಕಟ್ಟಿಕೊಂಡ ಮೂತ್ರವನ್ನು ಸ್ಟೆಂಟ್ (ಮೂತ್ರನಾಳದೊಳಗೆ ಇಡುವ ಸಣ್ಣ ಕೊಳವೆ) ಅಥವಾ ಬೆನ್ನಿನಿಂದ ಹಾಕುವ ನಳಿಕೆಯ ಮೂಲಕ ಇಳಿಸಿ, ಕಿಡ್ನಿ ಚೇತರಿಸಿಕೊಳ್ಳುತ್ತದೆಯೇ ಎಂದು ನೋಡಬೇಕಾಗಬಹುದು. ಅದಕ್ಕೂ ದಿನ ಬೇಕಲ್ಲವೇ?

ಇನ್ನು ಚೀಲ. ಸಣ್ಣ ಕರುಳಿನ ಸುಮಾರು 15 ಸೆಂಟಿಮೀಟರ್ ತುಂಡಿಗೆ ಮೂತ್ರನಾಳಗಳನ್ನು ಜೋಡಿಸಿ, ಅದರ ಬಾಯನ್ನು ಹೊಟ್ಟೆಯ ಬಲಭಾಗದಲ್ಲಿ ತೆರೆಯುತ್ತಾರೆ; ಅಲ್ಲಿ ಅಂಟುವ ಚೀಲದ ತುದಿಯ ನಲ್ಲಿಯನ್ನು ಕೆಲವು ತಾಸಿಗೊಮ್ಮೆ ತಿರುಗಿಸಿ ಖಾಲಿ ಮಾಡಿದರಾಯಿತು. ಕರುಳಿನಿಂದಲೇ ಹೊಸ ಮೂತ್ರಕೋಶ ಹೊಲಿಯುವ ವಿಧಾನವೂ ಇದೆ. ಅದಕ್ಕೆ ಉದ್ದದ ಕರುಳು, ಗಟ್ಟಿ ಕಿಡ್ನಿ ಎರಡೂ ಬೇಕು, ರಾತ್ರಿ ಸೋರುವ ಕಾಟವೂ ಇರಬಹುದು. ನಿಮ್ಮ ತಂದೆಯವರಿಗೆ ನಾನು ಅದನ್ನು ಒತ್ತಾಯಿಸಲಾರೆ.

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ, ಬಯಾಪ್ಸಿಯ ಸ್ಲೈಡುಗಳೊಂದಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಶಸ್ತ್ರಚಿಕಿತ್ಸಕರು, ರೇಡಿಯೇಷನ್ ತಜ್ಞರು ಇಬ್ಬರನ್ನೂ ಕಾಣಿರಿ. ಬೀಡಿ ಇವತ್ತೇ ನಿಲ್ಲಲಿ.

ಶಸ್ತ್ರಕ್ರಿಯೆಗೆ ಒಪ್ಪಿದರೆ, ಚೀಲದ ಜಾಗವನ್ನು ಮಲಗಿಸಿ ಮಾತ್ರ ಗುರುತು ಹಾಕಲು ಬಿಡಬೇಡಿ. ತಂದೆಯವರು ತೋಟಕ್ಕೆ ಹೋಗುವಾಗ ಉಡುವ ಹಾಗೆಯೇ ಪಂಚೆ ಉಟ್ಟು, ನಿಂತು, ಕೂತು, ಬಗ್ಗಿ ತೋರಿಸಲಿ. ಪಂಚೆಯ ಕಟ್ಟು ಬೀಳದ ಕಡೆ ನರ್ಸ್ ಮಸಿಯ ಚುಕ್ಕೆ ಇಡಲಿ.