ಮೆಸ್ಸಿನಲ್ಲಿ ಅವನ ಜೊತೆ ಕೂತವರು

ಗದಗ ಜಿಲ್ಲೆಯ ಹಳ್ಳಿ ಹುಡುಗ, ವಯಸ್ಸು ಹದಿನೇಳು. ಧಾರವಾಡದಲ್ಲಿ ಪಿಯುಸಿ ಎರಡನೇ ವರ್ಷ, ಹಾಸ್ಟೆಲ್ ವಾಸ. ಇಲ್ಲಿ ಬಸು ಅಂತ ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಬರೆಯೋಕೆ ಅವನೂ ಅವನ ಅವ್ವನೂ ಒಪ್ಪಿದ್ದಾರೆ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದು ಅವನ ಉಪನ್ಯಾಸಕರು, "ಅಭ್ಯಾಸದಾಗ ಲಕ್ಷ್ಯ ಇಲ್ರಿ" ಅಂತ.

ಲಕ್ಷ್ಯ ಎಲ್ಲಿಂದ ಬರಬೇಕು? ಕಾಲೇಜ್ ಗ್ಯಾದರಿಂಗ್‌ನಲ್ಲಿ ಅವನು ಡಾನ್ಸ್ ಮಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಅದರಿಂದ ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದರು. ಕ್ಲಾಸ್ ಗ್ರೂಪಿನಲ್ಲಿ ಯಾರಿಗೆ ನಗು ಬಂದರೂ ಅದೇ ಸ್ಟಿಕ್ಕರ್. ತಟ್ಟೆ ಹಿಡಿದು ಮೆಸ್ಸಿಗೆ ಬಂದರೆ ಮೂಲೆಯ ಟೇಬಲ್‌ನಿಂದ ಚಪ್ಪಾಳೆ; ಯಾವ ಥರದ ಚಪ್ಪಾಳೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಮೆಸ್ಸಿಗೆ ಹೋಗೋದನ್ನೇ ಬಿಟ್ಟು ರೂಮಿನಲ್ಲಿ ಚುರುಮುರಿ ತಿಂದುಕೊಂಡು ಇರುತ್ತಿದ್ದ.

"ನನಗ ಹುಡುಗೂರು ಇಷ್ಟ ಆಗ್ತಾರ್ರಿ ಮೇಡಂ. ಹೋಗೂದಿಲ್ಲೇನ್ರಿ ಇದು?" ಅಂದ. ಫೋನನ್ನು ಟೇಬಲ್ ಮೇಲೆ ಬೋರಲು ಇಟ್ಟಿದ್ದ. ಅದು ಗುಂಯ್ ಅಂದಾಗಲೆಲ್ಲ ಅವನ ಭುಜ ಬಿಗಿಯಾಗುತ್ತಿತ್ತು.

ಸಾಯಬೇಕು ಅನ್ನೋ ವಿಚಾರ ಬರುತ್ತಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತೆ ಅಂತ ಪಾಲಕರು, ಶಿಕ್ಷಕರು ಹೆದರುತ್ತಾರೆ. ಹಾಗೇನೂ ಆಗೋದಿಲ್ಲ, ಕೇಳಿ. ಬಸು ಬಹಳ ಹೊತ್ತು ಸುಮ್ಮನಿದ್ದು "ದಿನಾ ಬರ್ತೈತ್ರಿ" ಅಂದ.

ಅಂದೇ ಮನೆಗೆ ಫೋನ್ ಮಾಡಿದೆ. ಜೀವದ ಪ್ರಶ್ನೆ, ಮೇಲಾಗಿ ಹದಿನೆಂಟು ತುಂಬದ ಹುಡುಗ, ಇದನ್ನು ಮುಚ್ಚಿಡೋಕೆ ಆಗಲ್ಲ ಅಂತ ಮೊದಲು ಅವನಿಗೇ ಹೇಳಿದೆ. ಆದರೆ ಅವನಿಗೆ ಯಾರು ಇಷ್ಟ ಅನ್ನೋದನ್ನು ಹೇಳುವವನು ಅವನೇ, ನಾನಲ್ಲ. ಶಿಕ್ಷಕರಿಗೆ ಕೈಮುಗಿದು ಕೇಳುತ್ತೇನೆ, ಒಳ್ಳೇದಕ್ಕೇ ಅಂತ ಎರಡನ್ನೂ ಒಟ್ಟಿಗೆ ಬಿಚ್ಚಿಟ್ಟು ಮಕ್ಕಳನ್ನು ಮನೆಯಲ್ಲೂ ಒಂಟಿ ಮಾಡಬೇಡಿ.

ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಮನಸ್ಸು ಯಾವಾಗ ಕೆಡುತ್ತೆ? ರಾತ್ರಿ ಗ್ರೂಪ್ ನೋಡಿದ ಮೇಲೆ. ಆಗ ಎಲ್ಲಿ ಹೋಗಿ ಕೂರಬೇಕು, ಯಾರಿಗೆ ಹೇಳಬೇಕು? ಮೊದಲು ರೂಮ್‌ಮೇಟ್, ಆಮೇಲೆ ಅಕ್ಕ, ಯಾರೂ ಸಿಗದಿದ್ದರೆ 14416. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಪುಕ್ಕಟೆ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಕೀಲಿ ಹಾಕಿಡಿ ಅಂತ ಅಕ್ಕನಿಗೆ ಹೇಳಿದೆ. ನಿದ್ದೆ, ಊಟ ಎರಡೂ ಹೋಗಿದ್ದರಿಂದ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿದೆ.

ಇಷ್ಟು ಅವನಿಗೆ. ಸುತ್ತಲಿನವರಿಗೆ ಹೇಳಿದ್ದು ಇದಕ್ಕಿಂತ ಜಾಸ್ತಿ, ಯಾಕಂದರೆ ಧೈರ್ಯ ತಗೋ ಅಂತ ಹೇಳಿ ಅದೇ ಮೆಸ್ಸಿಗೆ ವಾಪಸ್ ಕಳಿಸಿದರೆ ಏನು ಬಂತು? ವಾರ್ಡನ್‌ಗೆ ಹೇಳಿದೆ, ಕಾಡಿದವರನ್ನು ಎಲ್ಲರೆದುರು ನಿಲ್ಲಿಸಿ ಬೈಯಬೇಡಿ, ಆ ಸಿಟ್ಟು ಇವನ ಮೇಲೇ ತಿರುಗುತ್ತೆ. ಒಬ್ಬೊಬ್ಬರನ್ನೇ ಕರೆದು ನಿಮ್ಮೆದುರೇ ಸ್ಟಿಕ್ಕರ್ ಅಳಿಸಿ, ಯಾರ ನಡಿಗೆ, ದನಿ ಹಿಡಿದೂ ಕಾಡುವ ಹಾಗಿಲ್ಲ ಅಂತ ನಿಯಮ ಮಾಡಿ. ಬಸು ಎಂಥವನು ಅನ್ನೋ ಚರ್ಚೆಯೇ ಬೇಡ.

ರೂಮ್‌ಮೇಟ್ ಹಾವೇರಿ ಕಡೆಯವನು, ಕುಸ್ತಿ ಆಡುವ ಹುಡುಗ. "ಅವ್ರನ್ನ ಬಡೀಲೇನ್ರಿ ಮೇಡಂ?" ಅಂತ ಕೇಳಿದ. ಬೇಡಪ್ಪ, ದಿನಾ ಅವನ ಜೊತೆ ಊಟಕ್ಕೆ ಕೂತುಕೋ, ಸಾಕು ಅಂದೆ. ಅವನು ಕೂತ. ಅವನ ಹಿಂದೆ ಇನ್ನಿಬ್ಬರು ಗೆಳೆಯರು ತಟ್ಟೆ ತಂದು ಕೂತರು. ಚಪ್ಪಾಳೆ ಬರಬರುತ್ತ ನಿಂತಿತು.

ಸ್ವಲ್ಪ ದಿನ ಕಳೆದ ಮೇಲೆ ಅವನೇ ಅವ್ವನಿಗೆ ಹೇಳಿದ, ನನ್ನೆದುರೇ, ಅಕ್ಕನ ಕೈ ಹಿಡಿದು. "ಯಲ್ಲವ್ವ ಹಿಡದಾಳೇನ್ರಿ ಇವನ್ನ?" ಅಂತ ಅತ್ತರು. ಮಗ ಯಲ್ಲಮ್ಮದೇವಿ ಹೆಸರಲ್ಲಿ ಸೀರೆ ಉಟ್ಟು ಹೆಣ್ಣಿನಂತೆ ಬಾಳುವ ಜೋಗಪ್ಪ, ಅಂದರೆ ಜೋಗತಿ, ಆಗಿಬಿಡ್ತಾನೆ ಅನ್ನೋ ಭಯ ನಮ್ಮ ಕಡೆ ಹಳ್ಳಿಗಳಲ್ಲಿ ಇದೆ. ಇವನು ತನ್ನನ್ನು ಗಂಡು ಅಂತಲೇ ಅಂದುಕೊಂಡಿದ್ದಾನೆ, ಇಷ್ಟ ಆಗೋದು ಹುಡುಗರು, ಅಷ್ಟೇ ಅಂತ ತಿಳಿಸಿದೆ. ಒಂದು ವೇಳೆ ಜೋಗತಿಯೇ ಆಗಿದ್ದರೂ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಕೂಸೇ ಅಲ್ವಾ? ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಿದ್ದನ್ನು ಅವ್ವ ಟಿವಿಯಲ್ಲಿ ನೋಡಿದ್ದರು.

ಅವ್ವ ಹೇಳಿದ ಮೇಲೆ ಕಾಕಾ ಬಂದರು. ಡಾಕ್ಟರ್ ಕಡೆ ಇಂಜೆಕ್ಷನ್ ಮಾಡಿಸೋಣ, ಇಲ್ಲಾಂದ್ರೆ ಮುಂದೆ ಲಗ್ನ ಮಾಡೋಣ, ಸರಿ ಆಗ್ತಾನೆ ಅಂದರು. ಇದು ರೋಗವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಬದಲಾಯಿಸುತ್ತೇವೆ ಅಂತ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ತೀರ್ಪು ಕೊಟ್ಟಿದೆ. ಇನ್ನು ಲಗ್ನ. ಆ ಹುಡುಗಿಯೂ ಯಾರದೋ ಮನೆ ಮಗಳು, ಅವಳೇನು ತಪ್ಪು ಮಾಡಿದ್ದಾಳೆ ಕಾಕಾ ಅಂದೆ. ಅವರು ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ.

ಎಲ್ಲರೂ ಒಪ್ಪುವವರೆಗೆ ಕಾಯಬೇಕಿಲ್ಲ. ಅಮೆರಿಕದ ಟ್ರೆವರ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಪ್ಪಿಕೊಳ್ಳುವ ಒಬ್ಬ ದೊಡ್ಡವರಾದರೂ ಇದ್ದ ಇಂಥ ಮಕ್ಕಳಲ್ಲಿ ಆತ್ಮಹತ್ಯೆಯ ಪ್ರಯತ್ನ ಶೇ. 40ರಷ್ಟು ಕಡಿಮೆ ಕಂಡಿತ್ತು. ಬಸುಗೆ ಅಕ್ಕ ಇದ್ದಾಳೆ, ಅವ್ವ ನಿಧಾನಕ್ಕೆ ಬರುತ್ತಿದ್ದಾರೆ.

ಅವನಿಗೆ ಯಾರು ಇಷ್ಟ ಅನ್ನೋದು ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಪರೀಕ್ಷೆ ಮುಗಿಯಲಿ, ಓದು ಮುಗಿದು ಸ್ವಂತ ಕಾಲ ಮೇಲೆ ನಿಂತ ಮೇಲೆ ಹೇಳಿದರೂ ತಡವಲ್ಲ ಅಂದಿದ್ದೇನೆ. ಔಷಧಿ ನಡೆದಿದೆ. ಕೆಟ್ಟ ರಾತ್ರಿಗಳು ಈಗಲೂ ಬರುತ್ತವೆ, ಆಗ ಅಕ್ಕನಿಗೆ ಫೋನ್ ಮಾಡುತ್ತಾನೆ.